ಗುಟ್ಟಹಳ್ಳಿಗೆ ಕರೆಂಟು ಬಂದ ಸಂಜೆ

ಲೈನ್‌ಮನ್ ಗಂಗುಲಪ್ಪ ಕಂಬದ ಮೇಲಿನಿಂದ ಬಿದ್ದಾಗ, ದೀಪ ಹತ್ತಿಸಲು ಬರುತ್ತಿದ್ದ ಮಂತ್ರಿಗಳ ಕಾರು ಚಿಂತಾಮಣಿ ಬಿಟ್ಟಾಗಿತ್ತು.

ಕೆಲಸದ ಉಸ್ತುವಾರಿ ಹೊತ್ತಿದ್ದ ಇಂಜಿನಿಯರ್ ವೆಂಕಟರಾಮಪ್ಪ ಕೆರೆ ಏರಿಯ ಮೇಲೆ ಓಡಿಬಂದರು. ಗಂಗುಲಪ್ಪನ ಅಂಗೈಗಳು ಸುಟ್ಟು ಕಪ್ಪಾಗಿದ್ದವು. ಉಸಿರಿರಲಿಲ್ಲ. ಸಮಾರಂಭಕ್ಕೆ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಲೈನಿಗೆ ಕರೆಂಟು ಹಾಕಿಸಿದವರು ವೆಂಕಟರಾಮಪ್ಪನವರೇ. ಯಾವುದೋ ತಂತಿ ಸಡಿಲವಾಗಿದೆಯೆಂದು ಗಂಗುಲಪ್ಪ ಮತ್ತೆ ಕಂಬ ಹತ್ತಿದ್ದು ಅವರಿಗೆ ಗೊತ್ತಿರಲಿಲ್ಲ.

"ಎಲ್ರೂ ಇಳಿದವ್ರಾ ಅಂತ ಕೇಳ್ದೆ ಸಾರ್," ಎಂದ ಮೇಸ್ತ್ರಿ ಕೋನಪ್ಪ. "ಇಳಿದಿರ್ತಾರೆ, ಹಾಕಯ್ಯ ಅಂದ್ರಿ ನೀವು."

ಅಷ್ಟರಲ್ಲಿ ಜೀಪು ಬಂತು. ಮೇಲಧಿಕಾರಿ ಇಳಿದು, ಬಗ್ಗಿ ನೋಡಿ, ಟೋಪಿ ಸರಿಮಾಡಿಕೊಂಡರು.

"ಲಾರಿಗೆ ಹಾಕ್ಸಿ, ಟಾರ್ಪಾಲ್ ಮುಚ್ಸಿ. ಮಂತ್ರಿಗಳು ಹೋಗೋವರೆಗೂ ಯಾರೂ ಬಾಯಿ ಬಿಡಕೂಡದು."

"ಅವನ ಮನೆಯವರಿಗೆ ಸಾರ್..."

"ಸ್ವಲ್ಪ ತಡವಾಗಿ ಗೊತ್ತಾದ್ರೆ ಅವನೇನು ಇನ್ನೊಂದು ಸಲ ಸಾಯ್ತಾನೇನ್ರೀ? ಕರೆಂಟ್ ಹಾಕ್ಸಿದ್ದು ಯಾರು ಅಂತ ಮಂತ್ರಿಗಳ ಮುಂದೆ ಕೇಳಿಸ್ಕೋಬೇಕಾ ನಿಮಗೆ?"

ಲಾರಿಗೆ ಎತ್ತುವಾಗ ವೆಂಕಟರಾಮಪ್ಪ ಗಂಗುಲಪ್ಪನ ಕಾಲುಗಳನ್ನು ತಾವೇ ಹಿಡಿದುಕೊಂಡರು. ಆಮೇಲೆ ಕೆರೆಯಲ್ಲಿ ಕೈ ತೊಳೆದು ಸಮಾರಂಭದ ಚಪ್ಪರಕ್ಕೆ ನಡೆದರು.

ಹೊತ್ತು ಮುಳುಗುವ ವೇಳೆಗೆ ಮಂತ್ರಿಗಳು ಗುಂಡಿ ಒತ್ತಿದರು. ಬೀದಿಯ ದೀಪಗಳೆಲ್ಲ ಒಮ್ಮೆಗೇ ಹತ್ತಿಕೊಂಡವು. ಜನ ಹೋ ಎಂದು ಕೂಗಿದರು; ಮುದುಕರು ದೀಪದ ಕಂಬಕ್ಕೆ ಕೈ ಮುಗಿದರು. ಹೇಳಿದ ದಿನಕ್ಕೆ ಕೆಲಸ ಮುಗಿಸಿದ ಇಂಜಿನಿಯರನ್ನು ಮಂತ್ರಿಗಳು ಹೆಸರು ಹಿಡಿದು ಹೊಗಳಿ, ತಮ್ಮ ಕೊರಳಿನ ಹಾರವನ್ನೇ ತೆಗೆದು ಅವರ ಕೊರಳಿಗೆ ಹಾಕಿದರು. ವೆಂಕಟರಾಮಪ್ಪ ವೇದಿಕೆ ಇಳಿದು ಚಪ್ಪರದ ಅಂಚಿಗೆ ಹೋಗಿ ನಿಂತರು.

"ಸ್ವಾಮಿ, ನಾನು ಗಂಗುಲಪ್ಪನ ಹೆಂಡ್ತಿ, ಆದಿಲಕ್ಷ್ಮಮ್ಮ. ಶಿಡ್ಲಘಟ್ಟದಿಂದ ಬಂದೆ. ದೀಪ ಹತ್ತೋದು ನೋಡೀವಂತೆ ಬಾ ಅಂದಿತ್ತು ನಮ್ಮ ಆಯಪ್ಪ. ಎಲ್ಲೂ ಕಾಣಲ್ವಲ್ಲ?"

ಹಸಿರು ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದಿದ್ದಳು. ಹೇಳಿಬಿಡಬೇಕೆಂದೇ ವೆಂಕಟರಾಮಪ್ಪ ಬಾಯಿ ತೆರೆದರು. ವೇದಿಕೆಯ ಮೇಲಿನಿಂದ ಮೇಲಧಿಕಾರಿ ಇತ್ತ ನೋಡುತ್ತಿದ್ದರು.

"ಲಾರೀಲಿ ಮಲಗಿದ್ದಾನಮ್ಮ."

"ಅಯ್ಯೋ, ಮಲಕ್ಕೊಳ್ಳಲಿ ಬಿಡಿ. ಈ ಹಬ್ಬ ಮುಗಿಯೋಗಂಟ ನಿದ್ದೆ ಇಲ್ಲ ಕಣೇ ಅಂದಿತ್ತು. ಎಬ್ಬಿಸಬ್ಯಾಡಿ. ನಾನಿಲ್ಲೇ ಕುಂತಿರ್ತೀನಿ."

ಹತ್ತಿರದ ದೀಪದ ಕಂಬದ ಕೆಳಗೆ ಸೆರಗು ಹಾಸಿಕೊಂಡು ಕುಳಿತಳು. ಪಕ್ಕದ ಹೆಂಗಸಿಗೆ, "ಇದೆಲ್ಲ ನಮ್ಮ ಆಯಪ್ಪನೇ ಕಟ್ಟಿದ್ದು," ಎಂದು ತಂತಿ ತೋರಿಸಿ ಹೇಳುತ್ತಿದ್ದಳು.

ಭಾಷಣ ಮುಗಿಯಿತು. ಮಂತ್ರಿಗಳ ಕಾರು ಧೂಳೆಬ್ಬಿಸಿಕೊಂಡು ಹೊರಟಿತು. ಅದರ ಹಿಂದಿನ ಜೀಪು ವೆಂಕಟರಾಮಪ್ಪನವರ ಬಳಿ ಒಂದು ಕ್ಷಣ ನಿಂತಿತು.

"ಇನ್ನು ಹೇಳಬಹುದು ನೀವು," ಎಂದರು ಮೇಲಧಿಕಾರಿ. ಜೀಪು ಮುಂದೆ ಹೋಯಿತು.

ವೆಂಕಟರಾಮಪ್ಪ ಹಾರ ಕಿತ್ತು ಬಿಸಾಕಿ, ದೀಪದ ಕಂಬದತ್ತ ನಡೆದರು. ಅವರು ಬರುವುದನ್ನು ಕಂಡು ಆದಿಲಕ್ಷ್ಮಮ್ಮ ಸೆರಗು ಸರಿಪಡಿಸಿಕೊಂಡು, ನಗುತ್ತಾ ಎದ್ದು ನಿಂತಳು.

"ಎದ್ದೈತಾ ಸ್ವಾಮಿ?"