ಅತ್ತೆಯ ಲೋಟ

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಕೈಯಲ್ಲಿ ಸ್ಟೀಲ್ ಲೋಟ, ಲೋಟದ ತುಂಬ ಕಂದು ಕಷಾಯ.

"ಕುಡಿದು ಹೊರಡಿ, ಅಳಿಯಂದ್ರೇ."

ಅವನು ಗಡಿಯಾರ ನೋಡಿದ. ಒಂಬತ್ತಕ್ಕೆ ವೈದ್ಯಕೀಯ ತಪಾಸಣೆ. ಮೂರನೆಯದು, ಕೊನೆಯದು. ಹಿಂದಿನ ಎರಡರಲ್ಲೂ ರಕ್ತದೊತ್ತಡ ಏರಿ ಕೂತಿತ್ತು. ಇವತ್ತೂ ಇಳಿಯದಿದ್ದರೆ, ಹನ್ನೆರಡು ವರ್ಷ ನಡೆಸಿದ ಟವರ್ ಕ್ರೇನಿನಿಂದ ಅವನನ್ನು ಶಾಶ್ವತವಾಗಿ ಇಳಿಸಿ ಗೋದಾಮಿನ ಬಾಗಿಲು ಕಾಯಲು ಕೂರಿಸುತ್ತಾರೆ. ಇಪ್ಪತ್ತು ಮಹಡಿ ಮೇಲೆ ಕೂತು, ಕೆಳಗಿನವರಿಂದ ಹದ್ದಣ್ಣ ಎಂದು ಕರೆಸಿಕೊಂಡವನು ಬಾಗಿಲು ಕಾಯುವುದುಂಟೆ?

"ಇದರಲ್ಲಿ ಏನೇನು ಹಾಕ್ತೀರಿ, ಅತ್ತೆ?"

"ನಿಮಗೆ ಬೇಕಾದ್ದನ್ನ. ಬೇಡದ್ದನ್ನ ಹಾಕೋಳು ನಾನಲ್ಲ."

ಮಾತಿನ ವರಸೆ ನೋಡಿ. ಮೂವತ್ತು ವರ್ಷ ಗಂಡನ ಜೊತೆ ಗಿಡಮೂಲಿಕೆ ಅಂಗಡಿ ನಡೆಸಿದ ಹೆಂಗಸು. ಯಾವ ಬೇರು ಏರಿಸುತ್ತದೆ, ಯಾವ ಬೀಜ ಇಳಿಸುತ್ತದೆ, ಎಲ್ಲ ಬೆರಳ ತುದಿಯಲ್ಲಿ. ಹೋದ ವರ್ಷ ಗಾಳಿಗೆ ಪಕ್ಕದ ಕಟ್ಟಡದ ಕ್ರೇನ್ ಉರುಳಿ ಅದರ ಆಪರೇಟರ್ ಸತ್ತ ದಿನ, ಊಟದ ಮಧ್ಯೆ ಈಕೆಯೇ ಹೇಳಿದ್ದರು: "ಆ ಕೆಲಸ ಬಿಡಿ. ನನ್ನ ಮಗಳ ಬಾಳು ಅಷ್ಟು ಎತ್ತರದಲ್ಲಿ ನೇತಾಡೋದು ಬೇಡ." ಅವನು ಕೈ ತೊಳೆದು ಎದ್ದಿದ್ದ. ಹೆಂಡತಿಯೂ ಒಂದು ಸಲ ಅತ್ತು ಕೇಳಿದಳು. "ಮೇಲೆ ಹತ್ತದಿದ್ರೆ ನಾನು ಸತ್ತ ಹಾಗೇ ಕಣೇ" ಅಂದ. ಪುಣ್ಯಾತ್ಗಿತ್ತಿ, ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅತ್ತೆ ಬಿಡುವ ಪೈಕಿಯಲ್ಲ. ತಲೆನೋವು, ಕಾಲು ಬಾವು ಶುರುವಾದದ್ದೂ ಈ ಲೋಟ ಶುರುವಾದದ್ದೂ ಹೆಚ್ಚುಕಡಿಮೆ ಒಂದೇ ತಿಂಗಳು.

ಮೂರು ವಾರದಿಂದ ಅವನೂ ಉಪಾಯ ಹೂಡಿದ್ದ. ಬಾಯಿ ತುಂಬ ಕಷಾಯ ಹಿಡಿದು, ಚಪ್ಪಲಿ ಮೆಟ್ಟುವ ನೆಪದಲ್ಲಿ ಹೊರಗೆ ಬಂದು ಚರಂಡಿಗೆ ಉಗಿಯುತ್ತಿದ್ದ. ಆದರೂ ತಲೆ ಸಿಡಿಯುವುದು ನಿಂತಿರಲಿಲ್ಲ. ಆಗಲೇ ಮೈಗೆ ಹಿಡಿದುಬಿಟ್ಟಿದೆ ಅಂದುಕೊಂಡ.

"ಇವತ್ತು ಲೇಟಾಯ್ತು. ಬಾಟ್ಲಿಗೆ ಹಾಕಿಕೊಡಿ, ಅಲ್ಲೇ ಕುಡೀತೀನಿ."

ಅತ್ತೆ ಕಷಾಯವನ್ನು ಬಾಟಲಿಗೆ ಸುರಿದು ಕೊಟ್ಟರು. "ಡಾಕ್ಟರಿಗೆ ತೋರಿಸೋದಾದ್ರೆ ಎಲ್ಲಾನೂ ತೋರಿಸಿ."

ಬಾಟ್ಲಿ ಕೇಳಿದ್ದು ಅದಕ್ಕೇ. ಮುದುಕಿಗೆ ಗೊತ್ತಾಗಿಹೋಗಿದೆ.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು, ಎಂದಿನಂತೆ ಅವನ ಅಂಗಿಯ ಜೇಬಿಗೆ ಕಾಗದದ ಪೊಟ್ಟಣ ತುರುಕಿದಳು. ಜೇಷ್ಠಮಧುವಿನ ಕಡ್ಡಿಗಳು. ಈ ಮನೆಯಲ್ಲಿ ಅವನ ಪರವಾಗಿರುವ ಜೀವವೆಂದರೆ ಇವಳೊಬ್ಬಳೇ. ಕ್ರೇನಿನ ಕ್ಯಾಬಿನ್ ಎಂದರೆ ಕಾಲು ಚಾಚಲೂ ಜಾಗವಿಲ್ಲದ ಗಾಜಿನ ಪೆಟ್ಟಿಗೆ. ಬೆಳಿಗ್ಗೆ ಏಣಿ ಹತ್ತಿದರೆ ಸಂಜೆಯವರೆಗೆ ಇಳಿಯುವಂತಿಲ್ಲ, ಸಿಗರೇಟು ಹಚ್ಚುವಂತಿಲ್ಲ. ಇವಳು ಕೊಟ್ಟ ಸಿಹಿ ಬೇರನ್ನು ಹತ್ತು ತಿಂಗಳಿಂದ ಜಗಿಯುತ್ತ ಜಗಿಯುತ್ತ ಸಿಗರೇಟಿನ ಹಳೇ ಚಟ ಬಿಟ್ಟುಹೋಗಿತ್ತು. ಗಂಟಲ ಕೆರೆತ ಹೋಯಿತು, ಹೊಟ್ಟೆಯುರಿ ಹೋಯಿತು. ಅಪ್ಪನ ಅಂಗಡಿಯಲ್ಲೇ ಆಡಿ ಬೆಳೆದವಳು, ಕಣ್ಣು ಮುಚ್ಚಿ ಮೂಸಿ ಬೇರಿನ ಗುಣ ಹೇಳುವವಳು. ಮೊದಲು ದಿನಕ್ಕೆ ಎರಡು ಕಡ್ಡಿ ಕೊಡುತ್ತಿದ್ದಳು, ಈಗ ತಾನಾಗಿಯೇ ಹತ್ತು ಕಟ್ಟಿಕೊಡುತ್ತಿದ್ದಳು.

"ದಾರೀಲೇ ಒಂದು ಬಾಯಿಗೆ ಹಾಕ್ಕೊಳ್ಳಿ, ರೀ. ಗಾಬರಿ ಕಮ್ಮಿಯಾಗುತ್ತೆ."

"ಅದನ್ನ ಉಗಿದು ಇದನ್ನ ಕುಡಿದಿದ್ರೆ..." ಎಂದರು ಅತ್ತೆ. ಮಗಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಮಗಳು ಗಂಡನಿಗೆ ಒಂದು ಕಡ್ಡಿ ಕೊಟ್ಟರೂ ಈಕೆಗೆ ಹೊಟ್ಟೆಕಿಚ್ಚು. ಅವನು ಕಡ್ಡಿ ಕಚ್ಚಿಕೊಂಡು ಹೊರಟ.

ತಪಾಸಣೆ ನಡೆಯುವುದು ಕ್ರೇನಿನ ಬುಡದ ತಗಡಿನ ಶೆಡ್ಡಿನಲ್ಲಿ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಪಟ್ಟಿ ಬಿಗಿಯಿತು, ಇನ್ನೂ ಬಿಗಿಯಿತು. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು.

"ನೂರ ಎಂಬತ್ತು. ಹೋದ ಸಲಕ್ಕಿಂತ ಜಾಸ್ತಿ."

ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟ. "ನನ್ನ ಅತ್ತೆ ನನಗೆ ಏನೋ ಹಾಕ್ತಿದ್ದಾರೆ, ಡಾಕ್ಟ್ರೇ. ನೀವೇ ನೋಡಿ."

ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿದರು, ತಳದ ಚರಟ ನೋಡಿದರು. "ಬಾರ್ಲಿ, ಕೊತ್ತಂಬರಿ ಬೀಜ. ಮೈಯಲ್ಲಿ ನಿಂತ ನೀರು ಇಳೀಲಿ ಅಂತ ಕೊಡ್ತಾರೆ. ಬೇಕಾದ್ರೆ ಲ್ಯಾಬಿಗೂ ಕಳಿಸ್ತೀನಿ. ದಿನಾ ಕುಡೀತೀರಾ?"

"ಮೂರು ವಾರದಿಂದ ಉಗೀತಿದ್ದೀನಿ."

"ಉಗಿದ್ರೂ ಏರಿದೆ ಅಂದ ಮೇಲೆ ಇದರದ್ದಲ್ಲ." ಅವರ ಕಣ್ಣು ಅವನ ತುಟಿಯ ಮೇಲೆ ನಿಂತಿತು. "ಬಾಯಲ್ಲೇನು?"

"ಇದಾ? ಜೇಷ್ಠಮಧು. ಗಂಟಲಿಗೆ ಒಳ್ಳೇದು."

"ದಿನಕ್ಕೆ ಎಷ್ಟು?"

"ಈಗ ಹತ್ತು. ಶುರುಮಾಡಿ ಹತ್ತು ತಿಂಗಳಾಯ್ತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೆಮ್ಮಿಗೆ ನಾಲ್ಕು ದಿನ ಒಂದೊಂದು ತುಂಡು ಅಂದ್ರೆ ಒಳ್ಳೇದೇ. ಹೀಗೆ ತಿಂಗಳುಗಟ್ಟಲೆ ಜಗಿದ್ರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತೆ, ಪೊಟ್ಯಾಸಿಯಂ ಇಳಿಯುತ್ತೆ, ಒತ್ತಡ ಏರುತ್ತೆ. ನಿಮ್ಮ ತಲೆನೋವು, ಕಾಲು ಬಾವು ಎಲ್ಲ ಅದರದ್ದೇ ಇರಬೇಕು. ಯಾವ ಮೂಲಿಕೆ ಅಂಗಡಿಯವರನ್ನ ಕೇಳಿದ್ರೂ ಹೇಳ್ತಿದ್ರು. ಇವತ್ತೇ ರಕ್ತ ಪರೀಕ್ಷೆ ಮಾಡಿಸಿ."

"ಬಿಟ್ಟರೆ ಇಳಿಯುತ್ತಲ್ಲ? ಇನ್ನೊಂದು ತಿಂಗಳು ಟೈಮ್ ಕೊಡಿ."

"ಇಳೀಬಹುದು. ಆದ್ರೆ ನಿಯಮದ ಪ್ರಕಾರ ಮೂರೇ ಅವಕಾಶ. ನನ್ನ ಕೈಯಲ್ಲಿಲ್ಲ." ಅವರು ಸಹಿ ಹಾಕಿದರು.

ಹೊರಗೆ ಬಂದು ತಲೆಯೆತ್ತಿದ. ಅವನ ಕ್ಯಾಬಿನ್ನಿನಲ್ಲಿ ಆಗಲೇ ಬೇರೆ ಯಾರೋ ಕೂತಿದ್ದ. ಮೂರು ವಾರ ಚರಂಡಿಗೆ ಉಗಿದ ಕಷಾಯ ನೆನಪಾಗಿ ಕಣ್ಣು ತುಂಬಿತು. ಅತ್ತೆಯ ಕಾಲಿಗೆ ಬೀಳಬೇಕು. ಆದರೆ ಹೆಂಡತಿಗೆ ಹೇಗೆ ಹೇಳುವುದು? ತನ್ನ ಕೈಯಾರೆ ಕೊಟ್ಟದ್ದೇ ಹೀಗೆ ಮಾಡಿತೆಂದು ತಿಳಿದರೆ ಪಾಪ, ಎದೆಯೊಡೆದುಕೊಂಡಾಳು. ಕಡ್ಡಿಯ ಸುದ್ದಿಯನ್ನೇ ಎತ್ತಬಾರದು ಎಂದು ಗಟ್ಟಿಮಾಡಿಕೊಂಡು ಫೋನ್ ಹಚ್ಚಿದ.

"ಇಳಿಸಿಬಿಟ್ರು ಕಣೇ."

"ಇನ್ನು ಯಾವತ್ತೂ ಹತ್ತೋ ಹಾಗಿಲ್ವಾ?"

"ಇಲ್ಲ."

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು.

"ಹಾಗಾದ್ರೆ ಜೇಬಲ್ಲಿರೋ ಕಡ್ಡಿ ಎಲ್ಲ ಅಲ್ಲೇ ಬಿಸಾಕಿ ಬಂದ್ಬಿಡಿ, ರೀ. ಇನ್ನು ಅದು ಬೇಡ."