ಜೇಬಿಲ್ಲದ ರೈಬೋಸೋಮ್

ಹೇಮಾಳಿಗೆ ವರುಷ, ಫೋನಿಗೆ ನಿಮಿಷ. ಇದು ಖರೇನೇ ನಡೆದ ಕಥೆ. ಬಳ್ಳಾರಿಯ ಲ್ಯಾಬಿನಲ್ಲಿ ಯೀಸ್ಟ್ ತಟ್ಟೆ ಹಿಡಿದು ನಿಂತಿದ್ದ ಸಂಶೋಧಕಿ ಹೇಮಾಳ ಫೋನಿನಲ್ಲಿ ಗೈಡ್ ದೊಡ್ಡಬಸವರಾಜ ಸರ್ ಅವರ ದಪ್ಪ ದನಿ ಗುಡುಗಿತು: "ಬೆಳಿಗ್ಗೇನ ಹೇಳೀನಿ, ಥೀಸಿಸ್ಸಿನಾಗಿನ ಆ ಅಧ್ಯಾಯ ಕಿತ್ತು ಹಾಕವಾ. ಒಂದು ಸಣ್ಣ ಪ್ರೋಟೀನ್ ಇಲ್ಲಂದ್ರ ಜೀವಕೋಶದಾಗ ರೈಬೋಸೋಮ್ ಕಟ್ಟೋದು ನಿಂತುಹೋಗ್ತೈತೇನು?"

ಬೆಳಿಗ್ಗೆ ಸರ್ ಎದುರಿಗೆ "ಹೂಂ" ಅಂದು ತಲೆ ತಗ್ಗಿಸಿದ್ದವಳಿಗೆ, ಮುಖ ಕಾಣದ ಫೋನಿನಲ್ಲಿ ಸಿಟ್ಟು ನೆತ್ತಿಗೇರಿತು. "ನಿಂತುಹೋಗ್ತೈತ್ರೀ ಸರ್! ಕೌಲ್ ಬಜಾರಿನಾಗ ಜೀನ್ಸ್ ಹೊಲಿಯೋ ನಮ್ಮವ್ವನ್ನ ಕೇಳ್ರಿ. ಜೇಬು ಹಚ್ಚದೇ ಪಕ್ಕದ ಹೊಲಿಗಿ ಹಾಕಿದ್ರ ಆಮ್ಯಾಲೆ ಜೇಬು ಕೂಡ್ತೈತೇನು? ಅರ್ಧಾ ಪ್ಯಾಂಟ್ ಬಿಚ್ಚಿ ಹಾಕಬೇಕು. ಈ ಪ್ರೋಟೀನ್ ಬಂದು ಹಿಡಕೊಂಡ್ರನ ರೈಬೋಸೋಮಿನ ಆರ್‌ಎನ್‌ಎ ಸರಿಯಾಗಿ ಮಡಚ್ಕೊಂತೈತಿ, ಆಮ್ಯಾಲೆ ಉಳಿದ ಪ್ರೋಟೀನ್ ಕೂಡ್ತಾವ. ಇಲ್ಲಂದ್ರ ಅರ್ಧಾ ಕಟ್ಟಿದ್ದನ್ನ ಜೀವಕೋಶಾನ ಒಡದು ಹಾಕ್ತೈತಿ. ಅಧ್ಯಾಯ ಕೀಳಂಗಿಲ್ಲ!"

ಫ್ರಿಜ್ ಹಿಂದಿನಿಂದ ಸಹಪಾಠಿ ಸುಭಾಷ್ ಕಿವಿಗೆ ಫೋನ್ ಹಿಡಿದೇ ಎದ್ದ. "ಬೈಬ್ಯಾಡ ತಾಯಿ, ಸರ್ ದನಿ ತಗದಾಂವ ನಾನ..." ಎನ್ನುವಷ್ಟರಲ್ಲಿ ಬಾಗಿಲಿನಿಂದ ಅದೇ ದಪ್ಪ ದನಿ ಬಂತು, ಈ ಸಲ ಅಸಲಿ: "ಬೈಲಿ ಬಿಡೋ. ದನಿ ನೀ ತಗದಿ, ಬೈಗುಳ ನನಗ ಮುಟ್ಟಿತು. ಅಧ್ಯಾಯ ಇರ್ಲವಾ."

ಸರ್ ನಕ್ಕರು, ಸುಭಾಷ್ ಹೆದರುತ್ತಲೇ ನಕ್ಕ. ಹೇಮಾ ನಕ್ಕ ಸದ್ದಿಗೆ ಮಾತ್ರ ಪಕ್ಕದ ಕ್ಲಾಸಿನವರೆಲ್ಲ ಬಂದು ಇಣುಕಿದರು.