ಹನ್ನೊಂದು ಹತ್ತರ ಕಳ್ಳ

ಕಡತವನ್ನು ಯಾರೋ ತೆರೆದಿದ್ದರು.

ವರ್ಲಿನ್ ಸ್ಟಾಕೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಯಾರು ಯಾವಾಗ ಒಳಬಂದರೆಂದು ಕಂಪ್ಯೂಟರ್ ತಾನೇ ಬರೆದಿಟ್ಟುಕೊಂಡಿತ್ತು. ಭಾನುವಾರ ಬೆಳಗ್ಗೆ ಹನ್ನೊಂದು ಹತ್ತಕ್ಕೆ ಪಾಸ್‌ವರ್ಡ್ ಹಾಕಿದವರು ನೇರವಾಗಿ ‘ನೆರೆಹೊರೆ’ ಎಂಬ ಕಡತಕ್ಕೆ ಹೋಗಿದ್ದರು. ಅರ್ಧ ಗಂಟೆ ಅಲ್ಲೇ ಇದ್ದರು. ಹಿಂದಿನ ಭಾನುವಾರವೂ ಅಷ್ಟೇ, ಅದರ ಹಿಂದಿನದೂ ಅಷ್ಟೇ.

ಅಮೆರಿಕದ ಮಿನ್ನೆಸೋಟದ ಒಂದು ಸರೋವರದ ದಂಡೆಯಲ್ಲಿ ಹದಿನಾಲ್ಕು ಮನೆಗಳು. ಅವುಗಳ ಸಂಘಕ್ಕೆ ಅವನು ಒಂಬತ್ತು ವರ್ಷದಿಂದ ಅಧ್ಯಕ್ಷ. ಕಡತದಲ್ಲಿದ್ದದ್ದು ಅವನ ಗುಟ್ಟಿನ ಪಟ್ಟಿ. ಫೆಬ್ರುವರಿ ಬಂದರೂ ಕ್ರಿಸ್ಮಸ್ ದೀಪ ಇಳಿಸದವರು ಯಾರು, ಮನೆ ಮುಂದಿನ ಹಿಮ ಎತ್ತದವರು ಯಾರು, ಚರ್ಚಿನ ಸಹಭೋಜನಕ್ಕೆ ಅಂಗಡಿಯ ತಿಂಡಿ ತಂದು ಮನೆಯದೆಂದು ಕೊಚ್ಚಿಕೊಂಡವರು ಯಾರು, ಎಲ್ಲಕ್ಕೂ ತಾರೀಖು ಸಹಿತ ದಾಖಲೆ. ಬರುವ ಭಾನುವಾರ ಕಳೆದು ಮಂಗಳವಾರ ಚುನಾವಣೆ. ಇದು ಹೊರಬಿದ್ದರೆ ಅವನಿಗೆ ಬೀಳುವುದು ಒಂದೇ ಓಟು, ಅದೂ ಅವನದೇ.

ಪಾಸ್‌ವರ್ಡ್ ಯಾರಿಗೂ ಹೊಳೆಯುವಂಥದ್ದಲ್ಲ: ತನ್ನ ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷ. ಮನೆಗೆ ಬೀಗ ಮಾತ್ರ ಇರಲಿಲ್ಲ. ಆ ದಂಡೆಯಲ್ಲಿ ಬೀಗ ಹಾಕಿದರೆ ನೆರೆಯವರನ್ನು ಕಳ್ಳರೆಂದ ಹಾಗೆ.

ಆದರೆ ಆ ಹೊತ್ತಿಗೆ ಊರಿಗೆ ಊರೇ ಎದುರಿನ ಚರ್ಚಿನಲ್ಲಿರುತ್ತದೆ. ಅವನೂ ಇರುತ್ತಾನೆ, ಮೊದಲ ಸಾಲಿನಲ್ಲಿ. ಪಾದ್ರಿ ಟೋರ್ವಿಕ್ ಅವರ ಉಪದೇಶವನ್ನು ಕಣ್ಣು ಮುಚ್ಚಿ ಭಕ್ತಿಯಿಂದ ಕೇಳುವವನು ಅವನು. ಹೊಸ ವರ್ಷದಿಂದೀಚೆಗೆ ಉಪದೇಶ ಉದ್ದವಾಗಿ, ಮುಗಿಯುವಾಗ ಹನ್ನೆರಡಾಗುತ್ತಿತ್ತು. ಕೊನೆಯ ಹಾಡಿಗೆ ಎದ್ದು ನಿಂತು ಹಿಂದೆ ತಿರುಗಿ ತಲೆ ಎಣಿಸಿದರೆ ಒಬ್ಬರೂ ತಪ್ಪಿಸಿಕೊಂಡಿರುತ್ತಿರಲಿಲ್ಲ. ಎಲ್ಲರ ಕೆನ್ನೆಯೂ ಚಳಿಗೆ ಕೆಂಪು. ಚರ್ಚಿನ ಹೀಟರ್ ಸರಿಯಿಲ್ಲವೆಂದು ಪಾದ್ರಿಯನ್ನೂ ಅವನು ಪಟ್ಟಿಗೆ ಸೇರಿಸಿದ್ದ.

ಚರ್ಚಿಗೆ ಬಾರದವನು ಒಬ್ಬನೇ, ನಿವೃತ್ತ ಅಂಚೆಯವ ಲೋವೆಲ್.

“ಆ ಲೋವೆಲ್ ನಮ್ಮ ಮನೆಗೆ ನುಗ್ತಿದ್ದಾನೆ, ಆರ್ಡಿಸ್,” ಎಂದು ಹೆಂಡತಿಗೆ ಹೇಳಿದ.

ಆರ್ಡಿಸ್ ಕಾಫಿ ಡಬ್ಬಿಯ ತಳ ಕೆರೆಯುತ್ತಿದ್ದಳು. “ಅವನಿಗೆ ಮಂಡಿನೋವು, ಪಾಪ. ಒಬ್ಬನೇ ಈ ಹಿಮದಲ್ಲಿ ಎಲ್ಲಿ ಬರ್ತಾನೆ?”

“ಕಾಫಿಪುಡಿ ಮೊನ್ನೆ ತಾನೇ ತಂದಿದ್ದಲ್ವಾ?”

“ಚಳಿಗಾಲ ಅಲ್ವಾ, ಖರ್ಚಾಗುತ್ತೆ.”

“ನಿನಗೆ ಎಲ್ಲರೂ ಒಳ್ಳೆಯವರೇ.”

“ಎಲ್ಲರೂ ಅಲ್ಲ ಬಿಡು,” ಎಂದಳು ಆರ್ಡಿಸ್.

ಭಾನುವಾರ ವರ್ಲಿನ್, ಕಾಡಿನಲ್ಲಿ ಜಿಂಕೆ ಬರುವುದನ್ನು ನೋಡಲು ಮರಕ್ಕೆ ಕಟ್ಟುವ ಕ್ಯಾಮೆರಾವನ್ನು ಪುಸ್ತಕದ ಕಪಾಟಿನಲ್ಲಿ ಬಚ್ಚಿಟ್ಟು ಚರ್ಚಿಗೆ ಹೋದ. ಲೋವೆಲ್‌ಗೆ ಕೊಡಲೆಂದು, ಮನೆಗೆ ನುಗ್ಗಿದ್ದಕ್ಕೆ ಸಂಘದ ಹೆಸರಲ್ಲಿ ಬರೆದಿಟ್ಟ ನೋಟಿಸು ಕಿಸೆಯಲ್ಲೇ ಇತ್ತು. ಪಾದ್ರಿ ಕ್ಷಮೆಯ ಬಗ್ಗೆ ಮಾತು ಶುರುಮಾಡಿದರು. ವರ್ಲಿನ್ ಕಣ್ಣು ಮುಚ್ಚಿದ.

ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಕ್ಯಾಮೆರಾ ಕಂಡು ಕೇಳಿದ್ದನ್ನು ನೋಡಲು ಕೂತ. ಮೊದಮೊದಲು ಖಾಲಿ ಕುರ್ಚಿ. ಸರಿಯಾಗಿ ಹನ್ನೊಂದು ಹತ್ತಕ್ಕೆ ಬಾಗಿಲು ತೆರೆಯಿತು. ಕೋಟಿನ ಹಿಮ ಕೊಡವಿಕೊಳ್ಳುತ್ತಾ ಆರ್ಡಿಸ್ ಬಂದು ಅವನ ಕುರ್ಚಿಯಲ್ಲಿ ಕೂತಳು. ವರ್ಲಿನ್ ಕನ್ನಡಕ ಏರಿಸಿಕೊಂಡ. ಅವಳ ಹಿಂದೆ ಒಬ್ಬೊಬ್ಬರಾಗಿ ಹದಿಮೂರು ಮನೆಯವರೂ ಕಾಫಿ ಲೋಟ ಹಿಡಿದು ಬಂದರು. ಲೋವೆಲ್‌ನನ್ನು ಇಬ್ಬರು ರಟ್ಟೆ ಹಿಡಿದು ಕರೆತಂದಿದ್ದರು.

“ಈ ವಾರ ನನ್ನ ಬಗ್ಗೆ ಏನು ಬರ್ದಿದ್ದಾನೆ, ಮೊದಲು ಅದನ್ನ ಓದು,” ಎಂದ ಲೋವೆಲ್.

ಆರ್ಡಿಸ್ ಗಂಡನ ದನಿಯಲ್ಲೇ ಓದಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮಂಗಳವಾರ ಅವನನ್ನೇ ಗೆಲ್ಲಿಸಿ,” ಎಂದಳು ಕಣ್ಣೊರೆಸಿಕೊಳ್ಳುತ್ತಾ. “ಇಲ್ಲಾಂದ್ರೆ ಚಳಿಗಾಲ ಕಳೆಯೋದು ಹೇಗೆ?”

ಆಗ ಗುಂಪಿನ ಹಿಂದಿನಿಂದ ಪಾದ್ರಿ ಟೋರ್ವಿಕ್ ಗಡಿಯಾರ ನೋಡಿಕೊಂಡು ಹೇಳಿದರು: “ಬೇಗ ಲೋಟ ತೊಳೆದಿಡಿ, ವಾಪಸ್ ಹೋಗಿ ಕೊನೆಯ ಹಾಡು ಹೇಳೋಣ, ಅವನನ್ನ ಎಬ್ಬಿಸಬೇಕಲ್ಲ.”